ಸಹಿ ಇದ್ದರೆ ಸಾಲದು, ತಾಳೆ ನೋಡಬೇಕು

ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ಚಹಾದ ಗಿರಾಕಿಗಳು ಬರುವ ಮೊದಲು ಹೋಟೆಲು ಕಾರ್ಮಿಕನಿಗೆ ದೊರೆಯುವ ಎರಡು ಗಂಟೆಯ ಬಿಡುವಿನಲ್ಲಿ, ಬೇಲಾಪುರದ ತರುಣನೊಬ್ಬನು ಈಚೆಗೆ ನಮ್ಮ ಕಚೇರಿಗೆ ಬಂದನು. ಬೈಂದೂರಿನ ಕಡೆಯವನು; ಆರು ವರ್ಷಗಳಿಂದ ಮಾಣಿಯಾಗಿ ದುಡಿಯುತ್ತಿರುವವನು. ಬಂದರಿನ ಸರಕು ಸಾಗಿಸುವ ಒಂದು ಕಂಪನಿಯಲ್ಲಿ ಉಗ್ರಾಣದ ಗುಮಾಸ್ತನಾಗಿ ತನ್ನನ್ನು ನೇಮಿಸಲಾಗಿದೆಯೆಂಬ ಪತ್ರವು ಅವನ ಮೊಬೈಲಿಗೆ ಬಂದಿತ್ತು. ಠೇವಣಿಯೆಂದು 6,000 ರೂಪಾಯಿಗಳನ್ನು ಆಗಲೇ ಕಳುಹಿಸಿದ್ದನು. ಉಳಿದ 12,000 ರೂಪಾಯಿಗಳನ್ನು ಅಂದು ಸಂಜೆಯೊಳಗೆ ಕಳುಹಿಸಬೇಕಾಗಿತ್ತು. ಅದಕ್ಕಾಗಿ ಸಾಲ ಕೇಳಲು ಅವನು ನಮ್ಮಲ್ಲಿಗೆ ಬಂದಿದ್ದನು.

ನಾವು ಸಂಶಯ ವ್ಯಕ್ತಪಡಿಸಿದೆವು. ಅವನು ಪತ್ರದ ಕೆಳಭಾಗವನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದನು. ಅಲ್ಲಿ ಅಧಿಕಾರಿಯ ಹೆಸರು, ದಿನಾಂಕ, ಗಂಟೆ, ನಿಮಿಷ, ಅದರ ಮೇಲೊಂದು ಹಸುರು ಗುರುತು. "ಧಣಿಗಳೇ, ಡಿಜಿಟಲ್ ಸಹಿ ಇದೆ. ಹಸುರು ಗುರುತೂ ಇದೆ. ಇನ್ನೇನು ಸಂಶಯ?" ಎಂದು ಕೇಳಿದನು. ನಮ್ಮ ಕಚೇರಿಯ ಗುಮಾಸ್ತರು ಆ ಪತ್ರವನ್ನು ಕಂಪ್ಯೂಟರಿನಲ್ಲಿ ತೆರೆದರು. ಹಸುರು ಗುರುತಿನ ಮೇಲೆ ಒತ್ತಿದರೆ ಏನೂ ಆಗಲಿಲ್ಲ. ಸಹಿಗಳ ವಿವರವನ್ನು ತೋರಿಸಬೇಕಾದ ಪಟ್ಟಿಯು ಬರಿದಾಗಿತ್ತು. ಅದು ಸಹಿಯಲ್ಲ, ಸಹಿಯ ಚಿತ್ರ. 12,000 ಉಳಿಯಿತು, 6,000 ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿಸಿ ಅವನನ್ನು ಕಳುಹಿಸಿಕೊಟ್ಟೆವು.

ಈ ಪ್ರಸಂಗವನ್ನು ಕೇವಲ ಒಬ್ಬ ತರುಣನ ದುರದೃಷ್ಟವೆಂದು ಬಿಟ್ಟುಬಿಡುವಂತಿಲ್ಲ. ಇಂದು ನಮ್ಮ ಜೀವನದ ಬಹುತೇಕ ದಸ್ತಾವೇಜುಗಳು ಡಿಜಿಟಲ್ ಸಹಿಯೊಡನೆ ಬರುತ್ತಿವೆ. ಆದರೆ ಆ ಸಹಿಯನ್ನು ಪರಿಶೀಲಿಸುವ ಅಭ್ಯಾಸವು ನಮ್ಮಲ್ಲಿ ಬಂದಿಲ್ಲ. ಸಹಿ ಹಾಕುವ ವಿದ್ಯೆ ಮುಂದೆ ಓಡಿದೆ, ಸಹಿ ನೋಡುವ ವಿದ್ಯೆ ಹಿಂದೆ ಉಳಿದಿದೆ. ಈ ಅಂತರದಲ್ಲಿಯೇ ವಂಚಕನು ಅಂಗಡಿ ತೆರೆದಿದ್ದಾನೆ.

ಕಾಯಿದೆಯ ಮಾತು

ಡಿಜಿಟಲ್ ಸಹಿಗೆ ನಮ್ಮ ದೇಶದಲ್ಲಿ ಕಾಯಿದೆಯ ಮನ್ನಣೆ ದೊರೆತದ್ದು 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದಿಂದ. ಅದು ಆ ವರ್ಷದ ಅಕ್ಟೋಬರ್ 17ರಿಂದ ಜಾರಿಗೆ ಬಂದಿತು. ಮರುವರ್ಷವೇ, 2001ರಲ್ಲಿ, ಕರ್ನಾಟಕ ಸರಕಾರವು ಭೂಮಿ ಯೋಜನೆಯನ್ನು ಉದ್ಘಾಟಿಸಿ, ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಊರಿಗೆ ಹೋದಾಗಲೆಲ್ಲ ತಾಲೂಕು ಕಚೇರಿಯ ಬಾಗಿಲಿನಲ್ಲಿ ಅರ್ಧ ರಜೆಯನ್ನು ಕಳೆಯುತ್ತಿದ್ದ ನಮ್ಮವರಿಗೆ ಅದು ಎಷ್ಟು ದೊಡ್ಡ ಉಪಕಾರವೆಂಬುದನ್ನು ವಿವರಿಸಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿಯೂ 2018ರಿಂದ ಡಿಜಿಟಲ್ ಸಹಿಯುಳ್ಳ ಸಾತ್‌ಬಾರಾ ಉತಾರಾ ಅಂತರಜಾಲದಲ್ಲಿ ದೊರೆಯುತ್ತಿದೆ. ಆಧಾರ್, ಪಾನ್, ವಾಹನ ಪರವಾನಗಿ, ಮಕ್ಕಳ ಅಂಕಪಟ್ಟಿ, ಎಲ್ಲವೂ ಈ ದಾರಿಯನ್ನೇ ಹಿಡಿದಿವೆ. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಇಲಾಖೆಗಳು ತಾವಾಗಿ ಹೊರಡಿಸಿದ ಪತ್ರಗಳು ಮೂಲ ಪತ್ರಗಳಿಗೆ ಸಮಾನವೆಂದು 2017ರ ಫೆಬ್ರವರಿಯ ನಿಯಮವು ಸಾರಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಡಿಜಿಲಾಕರ್‌ನಲ್ಲಿ ಇಲಾಖೆಯು ಹೊರಡಿಸಿದ ಪತ್ರಗಳ ವಿಭಾಗ ಒಂದು. ನಾವೇ ಫೋಟೋ ತೆಗೆದು ಏರಿಸಿದ ಪತ್ರಗಳ ವಿಭಾಗ ಇನ್ನೊಂದು. ಕಾಯಿದೆಯ ಮನ್ನಣೆ ಮೊದಲನೆಯದಕ್ಕೆ ಮಾತ್ರ. ಎರಡನೆಯದು ಟ್ರಂಕಿನಲ್ಲಿ ಇಟ್ಟ ಜೆರಾಕ್ಸ್ ಪ್ರತಿಗಿಂತ ಹೆಚ್ಚಿನದಲ್ಲ. ಮೊಬೈಲಿನಲ್ಲಿ ತೋರಿಸಿದ್ದೆಲ್ಲ ಸರಕಾರದ್ದೆಂದು ನಂಬುವವರು ಇದನ್ನು ಗಮನಿಸಬೇಕು.

ತಾಳೆ ನೋಡುವುದೆಂದರೇನು?

ಡಿಜಿಟಲ್ ಸಹಿಯು ಕೈಬರಹವಲ್ಲ, ಲೆಕ್ಕ. ಹೋಟೆಲಿನವರಿಗೆ ಲೆಕ್ಕದ ತಾಳೆ ಹೊಸದಲ್ಲ. ರಾತ್ರಿ ಬಾಗಿಲು ಹಾಕುವ ಮೊದಲು ಮಾಣಿಗಳ ಬಿಲ್ಲುಗಳ ಮೊತ್ತವನ್ನೂ ಗಲ್ಲಾದ ಹಣವನ್ನೂ ಹೋಲಿಸುತ್ತೇವೆ. ಎರಡೂ ಒಂದಾದರೆ ನಿಶ್ಚಿಂತೆ. ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಎಲ್ಲಿಯೋ ತಪ್ಪಿದೆ. ಡಿಜಿಟಲ್ ಸಹಿಯ ಪರಿಶೀಲನೆಯೂ ಇಂಥ ತಾಳೆಯೇ.

ಪತ್ರವನ್ನು ಹೊರಡಿಸುವ ಅಧಿಕಾರಿಯ ಬಳಿ ಎರಡು ಕೀಲಿಗಳು ಇರುತ್ತವೆ. ಒಂದು ಗುಪ್ತ ಕೀಲಿ. ಅದು ಅವನೊಬ್ಬನ ವಶದಲ್ಲಿರತಕ್ಕದ್ದು. ಇನ್ನೊಂದು ಬಹಿರಂಗ ಕೀಲಿ. ಅದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಸಹಿ ಹಾಕುವಾಗ ಕಂಪ್ಯೂಟರು ಮೊದಲು ಇಡೀ ಪತ್ರವನ್ನು ಅರೆದು ಹ್ಯಾಶ್ ಎಂಬ ಒಂದು ಸಂಖ್ಯೆಯನ್ನು ತೆಗೆಯುತ್ತದೆ. ಪತ್ರದಲ್ಲಿ ಒಂದು ಅಕ್ಷರ ಬದಲಾದರೂ, ಒಂದು ಸೊನ್ನೆ ಸೇರಿದರೂ ಈ ಸಂಖ್ಯೆ ಸಂಪೂರ್ಣವಾಗಿ ಬೇರೆಯಾಗುತ್ತದೆ. ಆ ಸಂಖ್ಯೆಯ ಮೇಲೆ ಗುಪ್ತ ಕೀಲಿಯಿಂದ ಗಣಿತದ ಮುದ್ರೆಯನ್ನು ಒತ್ತಿದರೆ ದೊರೆಯುವುದೇ ಸಹಿ. ಪತ್ರವನ್ನು ಪಡೆದವನ ಕಂಪ್ಯೂಟರು ತನ್ನ ಕೈಗೆ ಬಂದ ಪತ್ರವನ್ನು ತಾನೇ ಮತ್ತೆ ಅರೆದು ಸಂಖ್ಯೆ ತೆಗೆಯುತ್ತದೆ. ಬಹಿರಂಗ ಕೀಲಿಯಿಂದ ಸಹಿಯನ್ನು ಬಿಡಿಸಿ, ಒಳಗಿರುವ ಸಂಖ್ಯೆಯೊಡನೆ ತಾಳೆ ನೋಡುತ್ತದೆ. ಎರಡೂ ಒಂದಾದರೆ ಎರಡು ಸಂಗತಿಗಳು ಸಿದ್ಧವಾಗುತ್ತವೆ: ಆ ಗುಪ್ತ ಕೀಲಿಯೇ ಈ ಪತ್ರಕ್ಕೆ ಮುದ್ರೆ ಒತ್ತಿದೆ, ಆಮೇಲೆ ಪತ್ರದಲ್ಲಿ ಯಾರೂ ಕೈಯಾಡಿಸಿಲ್ಲ. ಈ ವಿದ್ಯೆಯ ಪ್ರಸಿದ್ಧ ಪದ್ಧತಿಯನ್ನು 1977ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್ ಮತ್ತು ಎಡಲ್‌ಮನ್ ಎಂಬ ಮೂವರು ರೂಪಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ.

ಆದರೆ ಆ ಕೀಲಿಯು ಯಾರದು? ವಂಚಕನೂ ಒಂದು ಜೊತೆ ಕೀಲಿ ಮಾಡಿಕೊಂಡು, "ಇದು ತಹಶೀಲ್ದಾರರ ಕೀಲಿ" ಎಂದು ಹೇಳಬಹುದಲ್ಲವೆ? ಅದಕ್ಕಾಗಿ ಜಾಮೀನಿನ ಏರ್ಪಾಡಿದೆ. ಕೇಂದ್ರ ಸರಕಾರದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಕೆಲವು ಸಂಸ್ಥೆಗಳಿಗೆ ಪರವಾನಗಿ ಕೊಡುತ್ತಾರೆ. ಆ ಸಂಸ್ಥೆಗಳು, "ಈ ಕೀಲಿಯು ಇಂಥವರದು" ಎಂದು ಪ್ರಮಾಣಪತ್ರ ಕೊಡುತ್ತವೆ. ಊರಿನಿಂದ ಹೊಸ ಹುಡುಗನು ಬಂದಾಗ ಪರಿಚಿತರೊಬ್ಬರು ಜಾಮೀನು ನಿಂತಂತೆ; ಆ ಪರಿಚಿತರಿಗೆ ಇನ್ನೊಬ್ಬ ಹಿರಿಯರು ಜಾಮೀನು ನಿಂತಂತೆ. ಸರಪಳಿಯ ಕೊನೆಯ ಕೊಂಡಿಯು ನಿಯಂತ್ರಕರ ಕೈಯಲ್ಲಿದೆ.

ಮೂರು ಉತ್ತರಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ತಾಳೆ ನೋಡಿದಾಗ ಉತ್ತರಗಳು ಎರಡಲ್ಲ, ಮೂರು. ಸಹಿ ಸರಿಯಿದೆ ಎಂಬುದು ಒಂದು. ಸಹಿ ಸುಳ್ಳು ಎಂಬುದು ಎರಡು. ತಾಳೆ ನೋಡಲು ಆಗಲಿಲ್ಲ ಎಂಬುದು ಮೂರನೆಯದು. ಗಲ್ಲಾದಲ್ಲಿ ಕುಳಿತವರು ಸಂಶಯ ಬಂದ 500 ರೂಪಾಯಿಯ ನೋಟನ್ನು ಹುಡುಗನ ಕೈಯಲ್ಲಿ ಬ್ಯಾಂಕಿಗೆ ಕಳುಹಿಸಿದರೆಂದು ಭಾವಿಸಿರಿ. ಅವನು ಹಿಂದಿರುಗಿ, "ಸರಿಯಿದೆಯಂತೆ" ಎನ್ನಬಹುದು; "ಖೋಟಾ ಅಂತೆ" ಎನ್ನಬಹುದು; "ಬ್ಯಾಂಕು ಮುಚ್ಚಿತ್ತು" ಎನ್ನಬಹುದು. ಬ್ಯಾಂಕು ಮುಚ್ಚಿತ್ತು ಎಂಬುದನ್ನು ಕೇಳಿ ನೋಟನ್ನು ಸರಿಯೆಂದು ಗಲ್ಲಾಕ್ಕೆ ಹಾಕುವ ಮಾಲೀಕನು ಎಷ್ಟು ದಿನ ಹೋಟೆಲು ನಡೆಸಿಯಾನು? ಆದರೆ ಕಾಗದಪತ್ರಗಳ ವಿಷಯದಲ್ಲಿ ನಾವೆಲ್ಲರೂ ನಿತ್ಯವೂ ಮಾಡುತ್ತಿರುವುದು ಇದನ್ನೇ.

ನಾವು ಮಾತ್ರವಲ್ಲ, ಲೋಕದ ಬುದ್ಧಿವಂತರೂ ಇದರಲ್ಲಿ ಎಡವಿದ್ದಾರೆ. ಕಂಪ್ಯೂಟರಿಗೆ ತಂತ್ರಾಂಶ ಬರೆಯುವವರು ಸಹಿಯ ಗಣಿತವನ್ನು ತಾವೇ ಬರೆಯುವುದಿಲ್ಲ. ಪರಿಣತರು ಬರೆದಿಟ್ಟ ಸಿದ್ಧ ಭಾಗಗಳ ಸಂಗ್ರಹದಿಂದ ತಂದು ಸೇರಿಸುತ್ತಾರೆ. ಇಂಥ ಸಂಗ್ರಹಕ್ಕೆ ಆ ವೃತ್ತಿಯಲ್ಲಿ ಲೈಬ್ರರಿ ಎಂದೇ ಹೆಸರು. ಅಡುಗೆಯವನು ಗಿರಣಿಯ ಹಿಟ್ಟನ್ನು ತಂದಂತೆ. ಇದು ತಪ್ಪಲ್ಲ, ವಿವೇಕವೇ. ಆದರೆ ಹಿಟ್ಟಿನ ಚೀಲದ ಮೇಲೆ ಬರೆದುದನ್ನು ಓದಬೇಕಷ್ಟೆ. ಜಗತ್ತಿನ ಅಸಂಖ್ಯ ಕಂಪ್ಯೂಟರುಗಳು ಅವಲಂಬಿಸಿರುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ಸಹಿಯನ್ನು ತಾಳೆ ನೋಡುವ ಒಂದು ಭಾಗವಿದೆ. ಸಹಿ ಸರಿಯಿದ್ದರೆ ಅದು 1 ಎಂದು ಹೇಳುತ್ತದೆ, ಸುಳ್ಳಾದರೆ 0, ತಾಳೆ ನೋಡುವಾಗಲೇ ತೊಡಕು ಬಂದರೆ ಋಣ 1. ಸೊನ್ನೆಯಲ್ಲದ್ದೆಲ್ಲ ಸರಿ ಎಂದು ಬಗೆದ ತಂತ್ರಾಂಶಗಳು ಋಣ 1ನ್ನೂ ಸರಿಯೆಂದೇ ಒಪ್ಪಿಕೊಂಡವು. ಬೇಕೆಂದೇ ಕೆಡಿಸಿದ ಸಹಿಯನ್ನು ಕೊಟ್ಟು ಒಳನುಗ್ಗಲು ಅವಕಾಶವಾಯಿತು. ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದೊಳಗೇ ಈ ತಪ್ಪು ಕೆಲವು ಕಡೆ ನುಸುಳಿತ್ತೆಂಬುದು 2009ರ ಜನವರಿಯಲ್ಲಿ ಪ್ರಕಟವಾಯಿತು. ಬ್ಯಾಂಕು ಮುಚ್ಚಿತ್ತು ಎಂಬ ಉತ್ತರಕ್ಕೆ ನೋಟು ಸರಿಯೆಂದು ಅರ್ಥ ಮಾಡಿಕೊಂಡವರು ಇವರೂ ಹೌದು.

2014ರ ಫೆಬ್ರವರಿಯಲ್ಲಿ ಆಪಲ್ ಕಂಪನಿಯ ಫೋನುಗಳಲ್ಲಿ ಇನ್ನೊಂದು ದೋಷ ಕಂಡಿತು. ತಂತ್ರಾಂಶದ ಒಂದು ಸಾಲು ಪ್ರಮಾದದಿಂದ ಎರಡು ಸಲ ಬರೆಯಲ್ಪಟ್ಟು, ಸಹಿಯ ತಾಳೆಯನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಸರಿಪಡಿಸಲಾದ ಜಾವಾ ತಂತ್ರಾಂಶದ ದೋಷವು ಇನ್ನೂ ವಿಚಿತ್ರ. ಅದರ ಕೆಲವು ಆವೃತ್ತಿಗಳು ಒಂದು ಬಗೆಯ ಸಹಿಯ ಎರಡು ಸಂಖ್ಯೆಗಳ ಜಾಗದಲ್ಲಿ ಬರೀ ಸೊನ್ನೆಗಳಿದ್ದರೂ ಸಹಿ ಸರಿಯೆಂದು ಹೇಳುತ್ತಿದ್ದವು. ಬರಿದಾದ ಸಹಿಯು ಯಾರ ಹೆಸರಿಗೆ ಬೇಕಾದರೂ ನಡೆಯುತ್ತಿತ್ತು! ಈ ಮೂರು ಪ್ರಸಂಗಗಳಲ್ಲಿಯೂ ಗಣಿತವು ಸೋಲಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮೋಸಹೋದದ್ದು ತಾಳೆ ನೋಡುವ ಕೈ.

ಜಾಮೀನುದಾರರೂ ಎಡವಬಹುದು. 2014ರ ಜುಲೈ ತಿಂಗಳಲ್ಲಿ ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ಘಟಕದ ಹೆಸರಿನಲ್ಲಿ, ಗೂಗಲ್ ಕಂಪನಿಯ ಕೆಲವು ತಾಣಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟಿರುವುದನ್ನು ಗೂಗಲ್ ಪತ್ತೆಹಚ್ಚಿತು. ನಿಯಂತ್ರಕರು ಕೂಡಲೇ ಆ ಘಟಕದ ಸಂಬಂಧಪಟ್ಟ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ಏರ್ಪಾಡು ನಿಷ್ಪ್ರಯೋಜಕವೆಂದು ತೋರಿಸಲು ನಾವು ಇದನ್ನು ಹೇಳುತ್ತಿಲ್ಲ. ತಪ್ಪು ನಡೆಯಿತು, ಸಿಕ್ಕಿಬಿದ್ದಿತು, ರದ್ದಾಯಿತು. ಯಾರೋ ಒಬ್ಬರು ತಾಳೆ ನೋಡುತ್ತಿದ್ದುದರಿಂದಲೇ ಇದು ಸಾಧ್ಯವಾಯಿತು.

ಹಳದಿ ಪ್ರಶ್ನಾರ್ಥಕ ಚಿಹ್ನೆ

ನಮ್ಮ ಗುಮಾಸ್ತ ಬಂಧುಗಳಲ್ಲಿ ಅನೇಕರು ಕಂಡಿರುವ ಒಂದು ದೃಶ್ಯವಿದೆ. ಅಂತರಜಾಲದಿಂದ ಪಡೆದ ಆಧಾರ್ ಪತ್ರವನ್ನು ಕಂಪ್ಯೂಟರಿನಲ್ಲಿ ತೆರೆದರೆ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಸಿಂಧುತ್ವ ತಿಳಿಯದು ಎಂಬ ಅರ್ಥದ ಇಂಗ್ಲಿಷ್ ಮಾತು ಇರುತ್ತದೆ. ಪತ್ರ ಸುಳ್ಳೆಂದು ಇದರ ಅರ್ಥವಲ್ಲ. ಆ ಕಂಪ್ಯೂಟರಿಗೆ ಜಾಮೀನುದಾರರ ಪರಿಚಯವಿಲ್ಲ ಎಂದಷ್ಟೇ ಅರ್ಥ. ಇದೇ ಮೂರನೆಯ ಉತ್ತರ.

ಆಗ ಜನರು ಏನು ಮಾಡುತ್ತಾರೆ? ಬಹುಮಂದಿ ಚಿಹ್ನೆಯನ್ನು ಅಲಕ್ಷಿಸಿ ಅಚ್ಚು ತೆಗೆಯುತ್ತಾರೆ. ಸ್ವಲ್ಪ ತಿಳಿದವರು ಸಹಿಯ ಮೇಲೆ ಒತ್ತಿ, "ಇವರನ್ನು ನಂಬು" ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟು ಹಸುರು ಗುರುತನ್ನು ಬರಿಸುತ್ತಾರೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕರ. ಪ್ರಮಾಣಪತ್ರವನ್ನು ಯಾರು ಕೊಟ್ಟರು, ಸರಪಳಿಯ ಕೊನೆಯಲ್ಲಿ ಭಾರತದ ನಿಯಂತ್ರಕರ ಹೆಸರಿದೆಯೆ, ಆ ಮೂಲ ಪ್ರಮಾಣಪತ್ರವು ನಿಯಂತ್ರಕರ ತಾಣದಿಂದಲೇ ಬಂದಿದೆಯೆ ಎಂಬುದನ್ನು ನೋಡದೆ "ನಂಬು" ಎಂದು ಒತ್ತಿದರೆ, ವಂಚಕನ ಸಹಿಗೂ ಹಸುರು ಬರುತ್ತದೆ. ಹಸುರು ಗುರುತು ಕಂಪ್ಯೂಟರಿನ ತೀರ್ಪಲ್ಲ, ನಾವು ಅದಕ್ಕೆ ಹೇಳಿಕೊಟ್ಟ ಮಾತಿನ ಪ್ರತಿಧ್ವನಿ.

ಅಚ್ಚು ತೆಗೆದ ಕಾಗದದ ಮಾತು ಇನ್ನೂ ಸರಳ. ಡಿಜಿಟಲ್ ಸಹಿಯು ಕಡತದೊಳಗೆ ಇರುವುದೇ ಹೊರತು ಕಾಗದದ ಮೇಲೆ ಇರುವುದಿಲ್ಲ. ಕಾಗದದ ಮೇಲೆ ಬಿದ್ದದ್ದು ಅದರ ಚಿತ್ರ ಮಾತ್ರ. ಕ್ಯೂಆರ್ ಚೌಕವು ಇದಕ್ಕೆ ಅಪವಾದವಾಗಬಲ್ಲದು. 2018ರಿಂದ ಆಧಾರ್ ಪತ್ರದ ಮೇಲೆ ಬರುತ್ತಿರುವ ಸುರಕ್ಷಿತ ಕ್ಯೂಆರ್ ಚೌಕದೊಳಗೆ ಹೆಸರು, ವಿಳಾಸ, ಭಾವಚಿತ್ರಗಳ ಜೊತೆಗೆ ಪ್ರಾಧಿಕಾರದ ಡಿಜಿಟಲ್ ಸಹಿಯೂ ಅಡಗಿದೆ. ಪ್ರಾಧಿಕಾರದ ಆ್ಯಪ್ ಅದನ್ನು ಓದಿ ತಾಳೆ ನೋಡಬಲ್ಲದು. ಹೋಟೆಲುಗಳಲ್ಲಿ ಹೊಸ ಆಳನ್ನು ಸೇರಿಸಿಕೊಳ್ಳುವಾಗ ಆಧಾರ್‌ನ ಜೆರಾಕ್ಸ್ ಪ್ರತಿಯನ್ನು ಕಡತಕ್ಕೆ ಹಾಕಿದರೆ ಕರ್ತವ್ಯ ತೀರಿತೆಂದು ಭಾವಿಸುವ ಮಾಲೀಕರು ಇದನ್ನು ಅರಿಯಬೇಕು. ಚೌಕವನ್ನು ಆ್ಯಪ್‌ನಿಂದ ಓದಿಸಿ, ಒಳಗಿನ ಭಾವಚಿತ್ರವನ್ನು ಎದುರಿಗೆ ನಿಂತವನ ಮುಖದೊಡನೆ ಹೋಲಿಸಿದರೆ ಮಾತ್ರ ಪರಿಶೀಲನೆಯಾಯಿತು.

2021ರ ಆಗಸ್ಟ್ ತಿಂಗಳನ್ನು ವಾಚಕರು ಮರೆತಿರಲಾರರು. ಎರಡು ಸಲ ಲಸಿಕೆ ಪಡೆದವರಿಗೆ ಲೋಕಲ್ ರೈಲಿನ ಬಾಗಿಲು ತೆರೆದಾಗ, ಪಾಸಿಗಾಗಿ ಲಸಿಕೆಯ ಪತ್ರವನ್ನು ಹಿಡಿದು ನಿಲ್ದಾಣಗಳಲ್ಲಿ ಸಾಲುಗಟ್ಟಿ ನಿಂತಿದ್ದೆವು. ಆ ಪತ್ರದ ಕ್ಯೂಆರ್ ಚೌಕದೊಳಗೂ ಡಿಜಿಟಲ್ ಸಹಿ ಇತ್ತು. ಅದನ್ನು ಸ್ಕ್ಯಾನ್ ಮಾಡಿ ಪರಿಶೀಲಿಸುವ ಸೌಲಭ್ಯವೂ ಇತ್ತು. ಸ್ಕ್ಯಾನ್ ಮಾಡಿದ ಕಡೆ ಆ ಸಹಿಗೆ ಬೆಲೆ ಬಂದಿತು. ಕಣ್ಣಾಡಿಸಿ ಮುಂದೆ ಕಳುಹಿಸಿದ ಕಡೆ ಅದು ಇದ್ದೂ ಇಲ್ಲದಂತಾಯಿತು.

ನಮ್ಮದೇ ಒಂದು ತಪ್ಪು

ಮಾಲೀಕರಿಗೆ ಸಂಬಂಧಿಸಿದ ಇನ್ನೊಂದು ಮಾತನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ತೆರಿಗೆಯ ಲೆಕ್ಕ ಸಲ್ಲಿಸಲು ನಮ್ಮ ಹೆಸರಿನಲ್ಲಿ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಒಂದನ್ನು ಮಾಡಿಸಿದ್ದೆವು. ಗುಪ್ತ ಕೀಲಿ ಇರುವುದು ಅದರೊಳಗೇ. ಅದನ್ನು ಪಿನ್ ಸಂಖ್ಯೆಯೊಡನೆ ಲೆಕ್ಕ ಬರೆಯುವವರ ಮೇಜಿನ ಮೇಲೆ ಎರಡು ವರ್ಷ ಬಿಟ್ಟಿದ್ದೆವು. ಒಂದು ದಿನ, ನಾವು ಕಂಡೇ ಇರದ ಪತ್ರವೊಂದರ ಮೇಲೆ ನಮ್ಮ ಸಹಿ ಬಿದ್ದಿರುವುದನ್ನು ನೋಡಿದೆವು. ಅವಸರದಲ್ಲಿ ಮಾಡಿದ್ದೆಂಬ ಸಮಜಾಯಿಷಿ ದೊರೆಯಿತು; ಅದೃಷ್ಟವಶಾತ್ ನಷ್ಟವೇನೂ ಆಗಲಿಲ್ಲ. ಆದರೆ ತಾಳೆ ನೋಡಿದ ಯಾವ ಯಂತ್ರವೂ ಅದನ್ನು ಸುಳ್ಳೆಂದು ಹೇಳುವಂತಿರಲಿಲ್ಲ. ಕೀಲಿ ನಮ್ಮದೇ ಆಗಿತ್ತಲ್ಲ! ಗುಪ್ತ ಕೀಲಿಯನ್ನು ತಕ್ಕ ಎಚ್ಚರದಿಂದ ತನ್ನ ವಶದಲ್ಲಿಟ್ಟುಕೊಳ್ಳುವುದು ಅದರ ಒಡೆಯನ ಕರ್ತವ್ಯವೆಂದು ಅಧಿನಿಯಮದ 42ನೆಯ ಪ್ರಕರಣ ವಿಧಿಸುತ್ತದೆ. ಟೋಕನನ್ನು ಪರರ ಕೈಗೆ ಕೊಡುವುದು ಸಹಿ ಹಾಕಿದ ಖಾಲಿ ಚೆಕ್ಕಿನ ಪುಸ್ತಕವನ್ನು ಕೊಟ್ಟಂತೆ.

ಸಹಿ ಸರಿಯಿದ್ದ ಮಾತ್ರಕ್ಕೆ ಪತ್ರದ ಸಂಗತಿಯೆಲ್ಲ ಇಂದಿಗೂ ಸತ್ಯವೆಂದು ಹೇಳುವಂತಿಲ್ಲ ಎಂಬುದನ್ನೂ ನೆನಪಿಡಬೇಕು. ಮೂರು ವರ್ಷದ ಹಿಂದಿನ ಪಹಣಿಯ ಸಹಿ ಸಾಚಾ ಆಗಿರಬಹುದು; ಜಾಗವು ಆಮೇಲೆ ಬೇರೆಯವರ ಹೆಸರಿಗೆ ಹೋಗಿರಬಹುದು. ಊರಿನಲ್ಲಿ ಐದು ಸೆಂಟ್ಸು ಜಾಗ ಕೊಳ್ಳಲು ಮುಂಗಡ ಕೊಡುವವರು ಮಾರುವವನು ಕಳುಹಿಸಿದ ಪಹಣಿಯನ್ನು ನಂಬದೆ, ಸರ್ವೆ ನಂಬರು ಕೇಳಿ ತಾವೇ ಹೊಸದನ್ನು ತೆಗೆಸತಕ್ಕದ್ದು.

ಮಾಡಬೇಕಾದುದೇನು?

ಮೊಬೈಲಿನಲ್ಲಿ ಕಡತ ಓದುವ ಬಹುತೇಕ ಆ್ಯಪ್‌ಗಳು ಸಹಿಯನ್ನು ತಾಳೆ ನೋಡುವುದೇ ಇಲ್ಲ. ಆದುದರಿಂದ ಹಣ, ಜಮೀನು ಅಥವಾ ಕೆಲಸಕ್ಕೆ ಸಂಬಂಧಿಸಿದ ಪತ್ರ ಬಂದಾಗ ಅದನ್ನು ಕಂಪ್ಯೂಟರಿನಲ್ಲಿ ತೆರೆಯಿಸಿರಿ. ಸ್ಕ್ರೀನ್‌ಶಾಟ್ ಬೇಡ, ಅಚ್ಚು ಬೇಡ, ಮೂಲ ಕಡತವನ್ನೇ ಕೇಳಿರಿ. ಪುಟದೊಳಗಿನ ಗುರುತನ್ನು ನಂಬದೆ, ಪುಟದ ಹೊರಗೆ ತಂತ್ರಾಂಶವೇ ತೋರಿಸುವ ಸಹಿಗಳ ಪಟ್ಟಿಯನ್ನು ನೋಡಿರಿ. ಸಹಿ ಯಾರದು, ಜಾಮೀನು ಯಾರದು, ಸಹಿಯ ಅನಂತರ ಪತ್ರ ಬದಲಾಗಿದೆಯೆ ಎಂಬ ಮೂರನ್ನು ಓದಿರಿ. ಉತ್ತರ ದೊರೆಯದಿದ್ದರೆ ಹಣ ಕಳುಹಿಸಬೇಡಿರಿ. ತಿಳಿಯದು ಎಂಬುದಕ್ಕೆ ಹೌದು ಎಂಬ ಅರ್ಥ ಎಂದಿಗೂ ಇಲ್ಲ. ಸಂಜೆಯೊಳಗೆ ಎಂದು ಅವಸರಪಡಿಸುವವನು ನಿಮ್ಮಿಂದ ಕಸಿದುಕೊಳ್ಳುತ್ತಿರುವುದು ತಾಳೆ ನೋಡುವ ಸಮಯವನ್ನೇ.

ಸರಕಾರಗಳಿಗೂ ಕರ್ತವ್ಯವಿದೆ. ಸಹಿ ಹಾಕಿ ಪತ್ರ ಕೊಡುವ ಪ್ರತಿಯೊಂದು ಇಲಾಖೆಯೂ ಅದನ್ನು ಪರಿಶೀಲಿಸುವ ಕ್ರಮವನ್ನು ಜನರ ಭಾಷೆಯಲ್ಲಿ ಪತ್ರದ ಬೆನ್ನಿಗೇ ಅಚ್ಚು ಹಾಕಬೇಕು. "ಸಿಂಧುತ್ವ ತಿಳಿಯದು" ಎಂಬ ಇಂಗ್ಲಿಷ್ ಒಗಟಿಗೆ ಬದಲಾಗಿ, "ಪರಿಶೀಲನೆ ಆಗಲಿಲ್ಲ, ನಂಬಬೇಡಿ" ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹೇಳುವ ತಂತ್ರಾಂಶ ಜನರಿಗೆ ದೊರೆಯಬೇಕು.

ಆದರೆ ಅಲ್ಲಿಯ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕೊಂಕಣ ಭವನ, ಸಿಡ್ಕೋ ಭವನ, ರಿಸರ್ವ್ ಬ್ಯಾಂಕಿನ ಕಚೇರಿ, ಸ್ಟೇಟ್ ಬ್ಯಾಂಕಿನ ಮಾಹಿತಿ ತಂತ್ರಜ್ಞಾನ ಕೇಂದ್ರ ಇವೆಲ್ಲವೂ ಇರುವ ಊರು ಬೇಲಾಪುರ. ಕಂಪ್ಯೂಟರಿನ ಎದುರು ದಿನವಿಡೀ ಕೂರುವ ಕನ್ನಡ ಗುಮಾಸ್ತರಿಗೆ ಇಲ್ಲಿ ಕೊರತೆಯಿಲ್ಲ. ರವಿವಾರ ಮಧ್ಯಾಹ್ನ ಎರಡು ಗಂಟೆಗಳ ಕಾಲ, ಸಂಘದ ಕೊಠಡಿಯಲ್ಲಿ ಒಂದು ಕಂಪ್ಯೂಟರನ್ನಿಟ್ಟು, ಹೋಟೆಲು ಕಾರ್ಮಿಕರು ತಂದ ಪತ್ರಗಳ ಸಹಿಯನ್ನು ತಾಳೆ ನೋಡಿ ಹೇಳುವ ಸೇವೆಯನ್ನು ಅವರು ಕೈಗೊಳ್ಳಬಾರದೇಕೆ? ಬಂದವರಿಗೆ ಕಲಿಸಿಯೂ ಕಳುಹಿಸಬಹುದು.

ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕುಳಿತು, ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಹಾಕುವುದನ್ನು ಕಲಿತರು. ಆ ಒಂದು ಸಹಿಯಿಂದ ಅವರು ಸಾಲಪತ್ರದಲ್ಲಿ ಬರೆದಿರುವುದೇನೆಂದು ಕೇಳುವ ಧೈರ್ಯವನ್ನು ಪಡೆದರು. ಸಹಿ ಹಾಕಲು ಕಲಿತದ್ದು ಅವರ ತಲೆಮಾರಿನ ಸಾಹಸ. ಸಹಿಯನ್ನು ತಾಳೆ ನೋಡಲು ಕಲಿಯುವುದು ನಮ್ಮ ತಲೆಮಾರಿನ ಪಾಠ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಊರಿನಿಂದಲೇ ಕಟ್ಟಿಕೊಂಡು ಬಂದವರು ನಾವು. ಅದನ್ನು ಮೊಬೈಲಿನ ಪರದೆಯ ಮುಂದೆಯೂ ಮರೆಯದಿರೋಣ.